ಮೊದಲ ವೀಳ್ಯ ಹಿರೇಕಟ್ಟೆಗೆ

ಹೋದ ವಾರ ಹಾಸನದಲ್ಲಿ ನಮ್ಮ ಮನೆಯ ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಗುದ್ದಲಿ ಒಂದು ಕಡೆ ಸರಕ್ಕನೆ ಒಳಗೆ ಹೋಯಿತು. ಕೆಳಗೆ ಟೊಳ್ಳು. ನೋಡಿದರೆ ಯಾವ ಕಾಲದ್ದೋ ಹಗೇವು.

ಪಟ್ಟಣದಲ್ಲೇ ಬೆಳೆದವರಿಗೆ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಅರ್ಥವಾಗಲಿಲ್ಲ ಅನ್ನಬೇಡಿ. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಜೇಡಿಮಣ್ಣು ಮೆತ್ತಿಟ್ಟರೆ ವರ್ಷಗಟ್ಟಲೆ ಒಂದು ಹುಳ ಬೀಳುವುದಿಲ್ಲ. ಆದರೆ ಮೇಲಿನ ಮಣ್ಣು ಬಿರುಕು ಬಿಟ್ಟು ನೀರು ಇಳಿಯಿತೋ, ಮುಗಿಯಿತು.

ಈ ಗುಳಿಯಲ್ಲಿ ನೀರು ಇಳಿದಿತ್ತು. ಹುಳಿ ಹೆಂಡಕ್ಕೂ ಸತ್ತ ಇಲಿಗೂ ನಡುವಿನ ಒಂದು ವಾಸನೆ ಮೇಲೆ ಬಂತು. ಕೆಲಸದವರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಒಳಗೆ ಬಂದು ಗೋಡೆಗೆ ಒರಗಿ ಕುಳಿತುಬಿಟ್ಟೆ.

"ಏನಮ್ಮ, ತಲೆ ಸುತ್ತುತಾ?" ಎಂದ ಮಗ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಾನೆ. ಅವನ ಕೈಯಲ್ಲಿ ಅವತ್ತಿನ ಪೇಪರು ಇತ್ತು. ಜಗತ್ತಿನ ದೇಶಗಳೆಲ್ಲ ಸೇರಿ ನಡೆಸುವ ಬ್ಯಾಂಕಿಗೆ ಹೊಸ ಅಧ್ಯಕ್ಷರು ಬರುತ್ತಾರಂತೆ. ಯಾವ ದೇಶದವರು ಎಂದು ಓದುವ ಮೊದಲೇ ನನಗೆ ಗೊತ್ತಿತ್ತು. ನಿಮಗೂ ಗೊತ್ತಿರುತ್ತದೆ. ಪ್ರತಿ ಸಲವೂ ಅದೇ ದೇಶ.

"ಅದರಲ್ಲಿ ತಪ್ಪೇನಮ್ಮ? ಜಾಸ್ತಿ ದುಡ್ಡು ಹಾಕಿದವರು ತಾನೇ ಯಜಮಾನರಾಗಬೇಕು?" ಎಂದ.

ಈ ಮಾತು ಅವನ ಪುಸ್ತಕದ್ದು. ನಾನು ಇದನ್ನು ಮೊದಲು ಕೇಳಿದ್ದು ಒಂದು ಅರಳಿಕಟ್ಟೆಯ ಮೇಲೆ, ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಆ ಮಾತಿನಂತೆ ನಡೆದ ಊರುಗಳು ಆ ಬೇಸಿಗೆಯಲ್ಲಿ ಏನು ತಿಂದವು ಎಂದು ಅವನ ಪುಸ್ತಕದಲ್ಲಿ ಬರೆದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಇಷ್ಟವಿದ್ದರೆ ಓದಿ, ಇಲ್ಲದಿದ್ದರೆ ಬಿಡಿ.

ನನ್ನ ತವರು ಹಾಸನ. ಮದುವೆಯಾಗಿ ಹೋದದ್ದು ಬೋರೆಕೊಪ್ಪಲಿಗೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ, ಕಲ್ಲುಬೋರೆ ಹತ್ತಿ ಇಳಿದರೆ ಸಿಗುವ ಊರು. ಗಂಡನಿಗೆ ಭದ್ರಾವತಿಯಲ್ಲಿ ಕೆಲಸ. ಅಲ್ಲಿ ಮನೆ ಸಿಗುವವರೆಗೆ ನಾನು ಮಾವನ ಜೊತೆ ಊರಿನಲ್ಲಿರಬೇಕು ಎಂದಾಯಿತು. ಅತ್ತೆ ಇರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಆ ಊರಿನಲ್ಲಿ ನಾನು ಇದ್ದದ್ದು ಆ ಒಂದೇ ವರ್ಷ. ಆಮೇಲೆ ಬದುಕಿದ ವರ್ಷಗಳಲ್ಲಿ ಅರ್ಧ ಮರೆತುಹೋಗಿವೆ. ಅದೊಂದು ಮಾತ್ರ ಹೋಗಿಲ್ಲ.

ಮಾವನ ಹೆಸರು ಸಿದ್ದಪ್ಪ. ದೇವರಂಥ ಮನುಷ್ಯ ಎಂದೆಲ್ಲ ಬರೆಯುವುದಿಲ್ಲ. ಮುಂಗೋಪಿ. ಎತ್ತಿಗೂ ಬೈಯುತ್ತಿದ್ದರು, ಎತ್ತು ಮಾತು ಕೇಳಿದರೂ ಬೈಯುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಿರಲಿಲ್ಲ, ಆದರೆ ಊಟ ಮುಗಿಯುವವರೆಗೆ ಉಪ್ಪಿನ ಬಗ್ಗೆಯೇ ಮಾತಾಡುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಮರ್ಯಾದೆ. ಮನೆಗೆ ಯಾರು ಬಂದರೂ ಎದ್ದು ನಿಲ್ಲುವುದು, ತಮಗಿಂತ ಮೊದಲು ಅವರಿಗೆ ಬಡಿಸುವುದು. ಹೆಂಗಸರು ಬಂದರೆ ಜಗಲಿ ಬಿಟ್ಟು ಕೆಳಗಿಳಿಯುವುದು.

ಆ ಕಡೆಯ ನಾಲ್ಕು ಊರಿಗೆ ಸೇರಿ ಮೂರು ಹಗೇವುಗಳಿದ್ದವು. ಮಾವನ ತಾತನ ಕಾಲದ ದೊಡ್ಡ ಬರ ಕಳೆದ ಮೇಲೆ ಎಲ್ಲರೂ ಕೂಡಿ ತೋಡಿಸಿದ್ದು. ಬೆಳೆ ಬಂದ ವರ್ಷ ಪ್ರತಿ ಮನೆಯವರೂ ಕೈಲಾದಷ್ಟು ರಾಗಿ ಸುರಿಯಬೇಕು. ಬೆಳೆ ಹೋದ ವರ್ಷ ಬೇಕಾದವರು ಕಡ ತೆಗೆದುಕೊಳ್ಳಬಹುದು. ಮುಂದಿನ ಸುಗ್ಗಿಯಲ್ಲಿ ಮೇಲಿಷ್ಟು ಸೇರಿಸಿ ವಾಪಸು ಸುರಿಯಬೇಕು. ಹಗೇವು ಇದ್ದದ್ದು ಹಿರೇಕಟ್ಟೆಯ ಪಕ್ಕದ ದಿಣ್ಣೆಯಲ್ಲಿ. ಹಿರೇಕಟ್ಟೆ ದೊಡ್ಡ ಊರು. ಕೆರೆ ಇತ್ತು, ಗದ್ದೆ ಇತ್ತು. ಸುರಿಯುವುದರಲ್ಲಿ ಅವರದೇ ಹೆಚ್ಚು. ಎರಡನೆಯ ಊರು ಸಂತೆಮಾಳ. ನಮ್ಮ ಬೋರೆಕೊಪ್ಪಲು, ಪಕ್ಕದ ಹುಣಸೆಹಳ್ಳಿ ಬರೀ ಬೆದ್ದಲು, ಮಳೆ ನಂಬಿದ ಹೊಲ. ನಾವು ಸುರಿಯುವುದು ಕಡಿಮೆ. ಕಡ ಬೇಕಾಗುವುದು ಮಾತ್ರ ನಮಗೇ.

ಹಗೇವಿಗೊಬ್ಬ ಯಜಮಾನ. ಮೂರು ಹಗೇವನ್ನೂ ಸುತ್ತಿದ ಗೋಡೆಗೆ ಒಂದೇ ಬಾಗಿಲು, ಅದರ ಬೀಗದ ಕೈ ಅವನ ಹತ್ತಿರ. ಯಾವಾಗ ತೆಗೆಯಬೇಕು, ಯಾವ ಊರು ಮೊದಲು ಬರಬೇಕು ಎಂದು ಅವನೇ ಹೇಳಬೇಕು. ಬಾಯಿಯ ಮಣ್ಣು ಒಡೆದರೆ ಮೆತ್ತಿಸಬೇಕಾದವನೂ ಅವನೇ. ಅಳೆಯುವ ಕೊಳಗ ಇನ್ನೊಬ್ಬನ ಕೈಯಲ್ಲಿ. ಯಜಮಾನ ಯಾವಾಗಲೂ ಹಿರೇಕಟ್ಟೆಯವನು. ಕೊಳಗದವನು ಯಾವಾಗಲೂ ಸಂತೆಮಾಳದವನು. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಯಜಮಾನ ಸತ್ತರೆ ಅರಳಿಕಟ್ಟೆಯಲ್ಲಿ ನಾಲ್ಕೂರು ಸೇರುತ್ತಿತ್ತು. ಮಠದ ಅಯ್ಯನವರು ತಟ್ಟೆಯಲ್ಲಿ ವೀಳ್ಯ ಹಿಡಿದು "ಮೊದಲ ವೀಳ್ಯ ಹಿರೇಕಟ್ಟೆಗೆ" ಎಂದು ಕೂಗುತ್ತಿದ್ದರು. ತೆಗೆದುಕೊಂಡವನೇ ಯಜಮಾನ. ಎರಡನೆಯದು ಸಂತೆಮಾಳಕ್ಕೆ. ಮಿಕ್ಕ ಎರಡು ಊರಿನವರು ಎಲೆ ಅಡಿಕೆ ಹಾಕಿಕೊಂಡು, ಉಗಿದು, ಮನೆಗೆ ಹೋಗುತ್ತಿದ್ದರು.

ಆ ವರ್ಷ ಹಿಂಗಾರು ಕೈಕೊಟ್ಟಿತು. ರಾಗಿ ತೆನೆ ಕಟ್ಟುವ ಹೊತ್ತಿಗೆ ಒಂದು ಹನಿ ಬೀಳಲಿಲ್ಲ. ಯುದ್ಧದ ಕಾಲದ ಲೆವಿ ಇನ್ನೂ ನಿಂತಿರಲಿಲ್ಲ. ಬೆಳೆದ ನಾಲ್ಕು ಕಾಳಿನಲ್ಲೂ ಸರ್ಕಾರಕ್ಕೆ ಕೊಡಬೇಕು. ಅರಕಲಗೂಡಿನ ರೇಷನ್ ಡಿಪೋದಲ್ಲಿ ಸಿಗುತ್ತಿದ್ದದ್ದು ಕಲ್ಲು ಬೆರೆತ ಜೋಳ, ಅದೂ ಸಿಕ್ಕಿದ ದಿನ. ಇಂಥ ಹೊತ್ತಿನಲ್ಲಿ ಹಿರೇಕಟ್ಟೆಯ ಹಳೆಯ ಯಜಮಾನರು ತೀರಿಕೊಂಡರು.

ಮಾವ ಅವರ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದರು. ನಾನು ತವರಿನಿಂದ ಬಸ್ಸಿನವನ ಕೈಲಿ ಬಂದ ಹಳೆಯ ಪೇಪರು ಓದುತ್ತಿದ್ದೆ.

"ಏನವ್ವಾ ಬರ್ದವ್ರೆ? ಯುದ್ಧ ಮುಗೀತಲ್ಲ, ಇನ್ನೇನ್ ಸುದ್ದಿ ಇದ್ದಾತು?" ಎಂದರು.

"ಪ್ರಪಂಚದ ದೇಶಗಳೆಲ್ಲ ಸೇರಿ ಒಂದು ಬ್ಯಾಂಕು ಮಾಡ್ತಾರಂತೆ ಮಾವ. ಎಲ್ಲರೂ ಹಾಕೋದು, ಕಷ್ಟ ಬಂದೋರು ತಗೊಳ್ಳೋದು, ಆಮೇಲೆ ಮೇಲಿಷ್ಟು ಸೇರಿಸಿ ಕಟ್ಟೋದು."

"ಅಂಗಾರೆ ಅದು ನಮ್ಮ ಹಗೇವೇ ಕಣವ್ವ! ಯಜಮಾನ ಯಾರಂತೆ?"

"ಇನ್ನೂ ಆಗಿಲ್ಲ. ಜಾಸ್ತಿ ಹಾಕಿದವರ ಮಾತು ಜಾಸ್ತಿ ನಡೆಯುತ್ತಂತೆ. ಅಮೆರಿಕದವರದ್ದೇ ಎಲ್ಲರಿಗಿಂತ ಜಾಸ್ತಿಯಂತೆ."

ಮಾವ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಓಹೋ! ಅಲ್ಲೂ ಒಂದ್ ಹಿರೇಕಟ್ಟೆ ಅದೆ ಅನ್ನು!"

ಆ ನಗು ನಿಂತ ಮೇಲೆ ಅವರ ಮುಖವೇ ಬೇರೆಯಾಗಿತ್ತು. ಹಿರೇಕಟ್ಟೆಯವರು ಸತ್ತವರ ತಮ್ಮನ ಮಗ ರಾಜಶೇಖರಪ್ಪನನ್ನು ಯಜಮಾನ ಮಾಡುತ್ತಾರೆ ಎಂದು ಮಣ್ಣಿನಲ್ಲೇ ಗುಸುಗುಸು ಶುರುವಾಗಿತ್ತಂತೆ. ರಾಜಶೇಖರಪ್ಪ ಹಾಸನದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರು. ಹಬ್ಬಕ್ಕೆ ಊರಿಗೆ ಬರುತ್ತಿದ್ದರು, ಹಬ್ಬ ಮುಗಿದರೆ ಹೋಗುತ್ತಿದ್ದರು.

"ಈ ಬ್ಯಾಸ್ಗೇಲಿ ಹಗೇವು ಮೊದ್ಲು ನಮ್ಗೆ ತೆಗೀಬೇಕು ಕಣವ್ವ" ಎಂದರು ಮಾವ. "ಇಲ್ಲಾಂದ್ರೆ ಊಟಕ್ಕೂ ಇಲ್ಲ, ಬಿತ್ತನೆಗೂ ಇಲ್ಲ. ಹಾಸನದಾಗೆ ಕುಂತೋನ್ಗೆ ನಮ್ಮ ಹೊಟ್ಟೆ ಕಾಣಾಕಿಲ್ಲ."

ಮಾರನೆಯ ದಿನದಿಂದ ಮಾವ ಊರೂರು ತಿರುಗತೊಡಗಿದರು. ಹುಣಸೆಹಳ್ಳಿ, ಸಂತೆಮಾಳ, ಮತ್ತೆ ಹುಣಸೆಹಳ್ಳಿ. ಹೋದಲ್ಲೆಲ್ಲ ಒಂದೇ ಮಾತು. ಯಜಮಾನ ಇಂಥ ಊರಿನವನೇ ಎಂದು ಮೊದಲೇ ಗೆರೆ ಎಳೆಯಬೇಡಿ. ಆಗಬೇಕು ಅನ್ನುವವರು ಎಲ್ಲರೆದುರು ನಿಂತು, ಹಗೇವನ್ನು ಹೇಗೆ ನಡೆಸುತ್ತೇವೆ ಎಂದು ಬಾಯಿಬಿಟ್ಟು ಹೇಳಲಿ. ಕಡ ತೆಗೆದುಕೊಳ್ಳುವವನಿಗೂ ಕೈಯೆತ್ತುವ ಹಕ್ಕಿರಲಿ. ಸರಿಯಾಗಿ ಮಾಡದಿದ್ದರೆ ಇಳಿಸುವುದಕ್ಕೂ ಒಂದು ದಾರಿ ಇರಲಿ, ಸಾಯುವವರೆಗೆ ಕಾಯುವುದು ಬೇಡ.

ಇಷ್ಟೇ. ಇವತ್ತು ದೊಡ್ಡ ದೊಡ್ಡವರು ಟೋಪಿ ಹಾಕಿಕೊಂಡು ಸಭೆ ಸೇರಿ ಇದನ್ನೇ ವರ್ಷಗಟ್ಟಲೆ ಮಾತಾಡುತ್ತಾರಂತೆ. ನಮ್ಮ ಮಾವ ಬರಿಗಾಲಿನಲ್ಲಿ ತಿರುಗಿಕೊಂಡು ಮಾತಾಡಿದರು.

ಸಂಕ್ರಾಂತಿ ಕಳೆದು ನಾಲ್ಕೂರು ಅರಳಿಕಟ್ಟೆಯಲ್ಲಿ ಸೇರಿತು. ಹೆಂಗಸರು ನಾವು ಗುಡಿಯ ಮಗ್ಗುಲಿನಲ್ಲಿ ನಿಂತಿದ್ದೆವು. ನನ್ನ ಪಕ್ಕ ಕೆಂಚಮ್ಮ, ನಮ್ಮ ಎದುರು ಮನೆಯವಳು. ಗಂಡ ಸತ್ತವಳು. ಎರಡು ಮಕ್ಕಳು, ಒಂದು ತುಂಡು ಹೊಲ. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

"ನೋಡವ್ವ ಆ ಹಾಸನದ ಸಾವ್ಕಾರ್ನ" ಎಂದಳು ರಾಜಶೇಖರಪ್ಪನ ಕಡೆ ಮೂತಿ ತಿರುಗಿಸಿ. "ಬಿಸ್ಲು ತಾಕ್ಬಾರ್ದು ಅಂತ ಛತ್ರಿ ಇಡ್ಕಂಡವ್ನೆ. ಈವಯ್ಯ ಹಗೇವಿಗೆ ಇಳಿದಾನಾ? ಇಳಿದ್ರೆ ಛತ್ರಿ ಬಾಯ್ನಾಗೆ ಸಿಕ್ಕಂತದೆ."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

ಕಟ್ಟೆಯ ಮೇಲೆ ಮಾವ ತಮ್ಮ ಮಾತು ಹೇಳಿ ಮುಗಿಸಿದರು. ಕೊಳಗದ ಜವರೇಗೌಡರು, ಸಂತೆಮಾಳದವರು, ಎದ್ದು ನಿಂತರು.

"ಸಿದ್ದಪ್ಪಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಇಸ್ಕೊಳೋನೇ ಯಜಮಾನ ಆದ್ರೆ ಎಲ್ಲಾರ್ಗೂ ಬಾಚಿ ಬಾಚಿ ಕೊಟ್ಬುಡ್ತಾನೆ. ಆಮ್ಯಾಕೆ ಹಾಕೋನು ಹಾಕೋದ್ನೇ ನಿಲ್ಸ್‌ಬುಟ್ರೆ? ಮೂರ್ ಗುಳಿ ಇಟ್ಕಂಡು ಕಣ್ಣಾಮುಚ್ಚಾಲೆ ಆಡದಾ? ಜಾಸ್ತಿ ಹಾಕೋರು ಯಜಮಾನ್ರಾಗ್ಲಿ ಅಂತ ಹಿರೀಕ್ರು ಮಾಡಿದ್ದು ಸುಮ್ಕೇನಾ?"

ನಿಜ ಹೇಳಬೇಕೆಂದರೆ ಮಾತು ತೂಕದ್ದೇ. ನನ್ನ ಮಗನೂ ಅದನ್ನೇ ಕೇಳಿದ್ದು. ಮಾವ ಮುಂಗೋಪಿ, ಈಗ ರೇಗುತ್ತಾರೆ ಅಂದುಕೊಂಡೆ. ರೇಗಲಿಲ್ಲ.

"ಬಾಚಿ ಕೊಟ್ರೆ ನಾಳೆ ಹಸಿಯೋನೂ ನಾನೇ ಕಣಪ್ಪ ಜವರಣ್ಣ" ಎಂದರು. "ಹಗೇವು ಖಾಲಿಯಾದ್ರೆ ಹಿರೇಕಟ್ಟೆಗೆ ಗದ್ದೆ ಅದೆ. ನಂಗೇನದೆ? ಬೋರೆ ಮೇಲಿನ ಕಲ್ಲದೆ. ಅದ್ಕೇ ನಮ್ಮಷ್ಟು ಜ್ವಾಪಾನ ಯಾರೂ ಮಾಡಾಕಿಲ್ಲ. ನಾನೇ ಆಗ್ಬೇಕು ಅಂತೇನಿಲ್ಲ. ಹುಣಸೆಹಳ್ಳಿಯೋರಾಗ್ಲಿ, ನೀನಾಗು. ಹಿರೇಕಟ್ಟೆಯೋರೇ ಆಗ್ಲಿ, ಆದ್ರೆ ಊರಾಗಿರೋನಾಗ್ಲಿ. ಎಲ್ಲಾರ್ನೂ ಕೇಳಿ ಆಗ್ಲಿ."

ರಾಜಶೇಖರಪ್ಪ ಛತ್ರಿ ಮಡಚಿದರು. ನಯವಾದ ಮಾತಿನವರು. "ನಂಗೇನು ಆಸೆ ಇಲ್ರಪ್ಪ. ದೊಡ್ಡಪ್ಪ ಮಾಡ್ಕೊಂಡು ಬಂದ್ರು, ಊರಿನೋರು ಬಾ ಅಂದ್ರು, ಬಂದೆ. ಎಲ್ರೂ ಹೆಂಗೆ ಹೇಳ್ತೀರೋ ಹಂಗೆ."

ಯಜಮಾನ ಯಾರಾಗಬೇಕು ಎಂದು ಕೈಯೆತ್ತಿಸಿದರು. ನಮ್ಮೂರು, ಹುಣಸೆಹಳ್ಳಿ ಪೂರ್ತಿ. ಸಂತೆಮಾಳದಲ್ಲೂ ಅರ್ಧಕ್ಕರ್ಧ ಮಾವನ ಕಡೆಗೆ. ಜವರೇಗೌಡರೂ ತಲೆ ಕೆರೆದುಕೊಂಡು, ನಕ್ಕು, ಕೈಯೆತ್ತಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಕೆಂಚಮ್ಮ ನನ್ನ ರಟ್ಟೆ ಹಿಡಿದು ಚಿವುಟಿದ್ದು ಮೂರು ದಿನ ಕಪ್ಪಗಿತ್ತು.

ಈಗ ಕೇಳಿ. ಇಲ್ಲಿಯವರೆಗೆ ಓದಿದ್ದು ಇದಕ್ಕೇ.

ಅಯ್ಯನವರು ವೃದ್ಧರು. ಗಡ್ಡ ನೇವರಿಸಿಕೊಂಡು ಎದ್ದು, ತಟ್ಟೆ ಹಿಡಿದು, ಹಿರೇಕಟ್ಟೆಯ ಸಾಲನ್ನು ದಾಟಿ, ಸಂತೆಮಾಳದ ಸಾಲನ್ನೂ ದಾಟಿ, ಮಾವನ ಮುಂದೆ ಬಂದು ನಿಂತರು. ಹುಟ್ಟಿದಾಗಿನಿಂದ ಯಾರೂ ಕಂಡಿರದ ನೋಟ ಅದು. "ಮೊದಲ ವೀಳ್ಯ ಬೋರೆಕೊಪ್ಪಲಿಗೆ" ಎಂದು ತಟ್ಟೆ ಚಾಚಿದರು.

ಮಾವ ಎದ್ದರು. ಎರಡೂ ಕೈ ಜೋಡಿಸಿದರು. ತಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಆ ಕಡೆಗೆ ತಳ್ಳಿ, "ಅಯ್ಯೋ, ನಂಗ್ಯಾಕೆ ಅಯ್ನೋರೇ, ಮೊದ್ಲು ದೊಡ್ಡೋರ್ಗೆ ಕೊಡಿ. ಅವ್ರಿಗೆ ಕೊಡಿ, ಅವ್ರಿಗೆ" ಎಂದರು.

ನಮ್ಮ ಕಡೆಯವರಾದರೆ ನಿಮಗೆ ಅರ್ಥವಾಗುತ್ತದೆ. ಮೊದಲ ಸಲ ಕೊಟ್ಟಾಗಲೇ ಕಾಫಿ ಲೋಟ ಹಿಡಿದವನನ್ನು ಕಂಡಿದ್ದೀರಾ? ಬೇಡ ಅನ್ನಬೇಕು. ಅವರು ಇನ್ನೊಂದು ಸಲ ಒತ್ತಾಯಿಸಬೇಕು. ಆಗ, ಸರಿ ಬಿಡಿ, ನಿಮ್ಮ ಮಾತಿಗೆ ಎಂದು ತೆಗೆದುಕೊಳ್ಳಬೇಕು. ಮನೆಯಲ್ಲಿ ಹೊಟ್ಟೆ ತಾಳ ಹಾಕುತ್ತಿದ್ದರೂ ಬೇರೆಯವರ ಮನೆಯಲ್ಲಿ, ಈಗ ತಾನೇ ಆಯ್ತು ಎಂದೇ ಅನ್ನಬೇಕು. ಮಾವ ಬೇಡ ಎಂದದ್ದು ಬೇಡ ಎಂದಲ್ಲ. ಎಲ್ಲರಿಗೂ ಗೊತ್ತಿತ್ತು. ಅಯ್ಯನವರು ಇನ್ನೊಂದು ಸಲ ಹಿಡಿಯಲು ತಟ್ಟೆ ಎತ್ತಿಯೂ ಇದ್ದರು.

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂತು. ರಾಜಶೇಖರಪ್ಪ ವೀಳ್ಯ ಎತ್ತಿಕೊಂಡರು. ಕಣ್ಣಿಗೊತ್ತಿಕೊಂಡು, "ಸಿದ್ದಪ್ಪನೋರೇ ಹೇಳಿದ ಮೇಲೆ ಇಲ್ಲ ಅನ್ನಕ್ಕಾಗುತ್ತಾ" ಎಂದು ಕೋಟಿನ ಜೇಬಿಗೆ ಹಾಕಿಕೊಂಡರು.

ಆಮೇಲೆ ಹಿರೇಕಟ್ಟೆಯ ಕಡೆಯಿಂದ ಯಾರೋ ಡೋಲಿಗೆ ಕೋಲು ಹಾಕಿದರು. ಗುಡಿಯ ಮುಂದೆ ಹಿಡಿದ ವೀಳ್ಯವನ್ನು ವಾಪಸು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಇಷ್ಟಕ್ಕೂ ಕೊಡಿ ಅಂದವರು ಮಾವನೇ, ನಾಲ್ಕೂರು ಕೇಳುವ ಹಾಗೆ. ಅಯ್ಯನವರು ಖಾಲಿ ತಟ್ಟೆ ಹಿಡಿದುಕೊಂಡು ಮಾವನ ಮುಖವನ್ನೇ ನೋಡುತ್ತಿದ್ದರು.

"ಕಿತ್ಕಳ್ಳಿ! ಕಿತ್ಕಳ್ಳಿ ಮಾವ!" ಎಂದು ಕೆಂಚಮ್ಮ ಕೂಗಿದಳು. ಗಂಡಸರು ತಿರುಗಿ ಅವಳನ್ನೇ ಗದರಿಸಿದರು.

ದಾರಿಯುದ್ದಕ್ಕೂ ಮಾವನೇ ಗಾಡಿ ಹೊಡೆದರು. ಎತ್ತಿಗೂ ಬೈಯಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತಾ ಒಂದೇ ಮಾತು ಹೇಳಿದರು: "ಇನ್ನೊಂದ್ ಸಲ ಕೊಡ್ತಾರೆ ಅಂದ್ಕಂಡಿದ್ದೆ ಕಣವ್ವ."

ಮಾಘ ಹೋಯಿತು, ಫಾಲ್ಗುಣ ಹೋಯಿತು. ಯುಗಾದಿಗೆ ಒಬ್ಬಟ್ಟು ಮಾಡಿದ ಮನೆ ನಮ್ಮೂರಿನಲ್ಲಿ ಒಂದೂ ಇರಲಿಲ್ಲ. ಬೇಳೆ ಇದ್ದರೆ ಬೆಲ್ಲ ಇಲ್ಲ, ಬೆಲ್ಲ ಇದ್ದರೆ ಹಿಟ್ಟಿಲ್ಲ. ಬೇವು ಮಾತ್ರ ಎಲ್ಲರ ಮನೆಯಲ್ಲೂ ಇತ್ತು. ಮುದ್ದೆ ದಿನಕ್ಕೊಂದು ಹೊತ್ತಿಗೆ ಇಳಿಯಿತು, ಆಮೇಲೆ ಮುದ್ದೆ ಹೋಗಿ ಅಂಬಲಿಯಾಯಿತು, ಅಂಬಲಿ ತೆಳುವಾಗುತ್ತಾ ಹೋಯಿತು. ಕೆಂಚಮ್ಮನ ಚಿಕ್ಕ ಮಗು ನಮ್ಮ ಮನೆ ಒಲೆ ಹೊಗೆ ಕಂಡರೆ ಬಂದು ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಿತ್ತು. ಕೇಳುತ್ತಿರಲಿಲ್ಲ, ಸುಮ್ಮನೆ ಕುಳಿತಿರುತ್ತಿತ್ತು. ಕೆಲವು ಮನೆಯವರು ಚನ್ನರಾಯಪಟ್ಟಣದ ಕಡೆ ಗಂಜಿ ಹಾಕುತ್ತಾರಂತೆ ಎಂದು ಪಾತ್ರೆ ಗಂಟು ಕಟ್ಟಿಕೊಂಡು ಹೊರಟರು.

ಹಗೇವಿನ ಬೀಗದ ಕೈ ಹಾಸನದಲ್ಲಿತ್ತು.

ಮಾವ ಹಿರೇಕಟ್ಟೆಗೆ ಹೋದರೆ, ಯಜಮಾನರನ್ನು ಕೇಳಿ ಅಂದರು. ಸಂತೆಮಾಳಕ್ಕೆ ಹೋದರೆ, ಕೊಳಗ ಇದೆ, ಬಾಗಿಲು ತೆಗೆಯೋರು ಅವರು ಅಂದರು. ಕೊನೆಗೆ ನಾನೂ ಮಾವನೂ ಹಾಸನಕ್ಕೆ ಹೊರಟೆವು. ಇದ್ದಿಲಿನ ಬಸ್ಸು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿದ್ದರು. ಅದು ದಿಣ್ಣೆ ಬಂದಾಗಲೆಲ್ಲ ನಿಲ್ಲುತ್ತಿತ್ತು. ಗಂಡಸರು ಇಳಿದು ತಳ್ಳಬೇಕು. ಬೆಳಿಗ್ಗೆಯಿಂದ ಏನೂ ತಿನ್ನದ ಮಾವನೂ ಇಳಿದು ತಳ್ಳಿದರು.

ರಾಜಶೇಖರಪ್ಪ ಎದ್ದು ಬಂದು ಬರಮಾಡಿಕೊಂಡರು. ಕೆಟ್ಟವರು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಕಾಲಿಗೆ ನೀರು ಕೊಟ್ಟರು, ಊಟಕ್ಕೆ ಏಳಿ ಅಂದರು. ಮಾವ, ಈಗ ತಾನೇ ಆಯ್ತು ಎಂದರು. ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

"ತೆಗೆಯೋಣ ಸಿದ್ದಪ್ಪನೋರೇ, ಯಾರು ಇಲ್ಲ ಅಂದ್ರು" ಎಂದರು ರಾಜಶೇಖರಪ್ಪ. "ಆದ್ರೆ ಕ್ರಮ ಅಂತ ಒಂದಿದೆ ನೋಡಿ. ಜಾಸ್ತಿ ಹಾಕಿದ ಊರು ಮೊದ್ಲು. ನಮ್ಮೂರೋರೂ ಕೇಳ್ತಾವ್ರೆ, ಮುಂದೆ ಏನ್ ಕಾಲ ಬರುತ್ತೋ, ಮನೇಲಿ ಇಟ್ಕೋತೀವಿ ಅಂತ. ಅವರದ್ದು ಆಗ್ಲಿ, ಆಮೇಲೆ ಸಂತೆಮಾಳ, ಆಮೇಲೆ ನಿಮ್ಮದು. ಗಿರಣಿ ಕೆಲಸ ಒಂಚೂರು ಮುಗೀಲಿ, ಬರ್ತೀನಿ."

"ಹಗೇವಿನ ಬಾಯಿ ಮಣ್ಣು ಬಿರಿದದೆ ಸಾ" ಎಂದರು ಮಾವ. "ಮಳೆ ಬರೋಕ್ ಮುಂಚೆ ಮೆತ್ತುಸ್ಬೇಕು. ನಿಮ್ಮ ಬೀಗ ಇಲ್ದೆ ಒಳೀಕ್ ಓಗಂಗಿಲ್ಲ. ಅದ್ನಾದ್ರೂ ಮಾಡ್ಸಿ."

"ಮಾಡಿಸೋಣ, ಮಾಡಿಸೋಣ."

ಮೇಜಿನ ಮೇಲೆ ಅವತ್ತಿನ ಪೇಪರು ಇತ್ತು. ಕಣ್ಣು ಹಾಯಿಸಿದೆ. ಆ ಜಗತ್ತಿನ ಬ್ಯಾಂಕಿನ ಜೊತೆಗೇ ಒಂದು ನಿಧಿಯನ್ನೂ ಮಾಡಿದ್ದಾರಂತೆ. ಬ್ಯಾಂಕು ಅಮೆರಿಕದವರಿಗೆ, ನಿಧಿ ಯೂರೋಪಿನವರಿಗೆ ಎಂದು ಅವರವರಲ್ಲೇ ಆಗಿಹೋಗಿದೆಯಂತೆ. ಹೊರಗೆ ಬಂದ ಮೇಲೆ ಮಾವನಿಗೆ ಹೇಳಿದೆ. ಅವರು ನಗಲಿಲ್ಲ.

"ಮಿಕ್ಕೋರು ಏನಂದ್ರಂತೆ?" ಎಂದರು.

"ಅದನ್ನ ಬರೆದಿಲ್ಲ ಮಾವ."

"ನಂಗ್ಯಾಕೆ ಅಂದಿರ್ತಾರೆ" ಎಂದು ಬಸ್ಸಿನ ಕಡೆ ನಡೆದರು.

ಜೂನಿನ ಮೊದಲಲ್ಲೇ ಮಳೆ ಹುಯ್ಯಿತು. ಅಂಥ ಮಳೆಯನ್ನು ನಾನು ಅಲ್ಲಿ ಕಂಡಿರಲಿಲ್ಲ. ಬೋರೆಯ ಮೇಲಿಂದ ಕೆಂಪು ನೀರು ಬೀದಿಗೆ ಬಂತು. ಜನ ಹೊರಗೆ ಬಂದು ನೆನೆಯುತ್ತಾ ನಿಂತರು. ಹೊಲ ಹದವಾಯಿತು. ಬಿತ್ತಲು ಬೀಜ ಮಾತ್ರ ಯಾರ ಹತ್ತಿರವೂ ಇಲ್ಲ. ಬೀಜಕ್ಕೆಂದು ಕಟ್ಟಿಟ್ಟದ್ದನ್ನೆಲ್ಲ ತಿಂದು ಮುಗಿಸಿದ್ದೆವು. ಮಾವ ಮಾತ್ರ ಜಗಲಿಯ ಕಂಬ ಹಿಡಿದು, ಹಿರೇಕಟ್ಟೆಯ ದಿಕ್ಕಿಗೆ ನೋಡುತ್ತಾ ನಿಂತಿದ್ದರು. ಅವರ ಯೋಚನೆ ಆ ಬಿರಿದ ಮಣ್ಣಿನ ಮೇಲಿತ್ತು.

ಮಳೆ ನಿಂತ ಮೇಲೆ ರಾಜಶೇಖರಪ್ಪ ಬಂದು ಬೀಗ ತೆಗೆಸಿದರು. ಮೊದಲ ಹಗೇವು ಹಿರೇಕಟ್ಟೆಗೆ. ದಿಣ್ಣೆಯ ಎತ್ತರದ ಕಡೆಯದು, ಕಾಳು ಒಣಗಿ ಗರಿಗರಿಯಾಗಿತ್ತು. ಅವರು ಗಾಡಿಯಲ್ಲಿ ಹೇರಿಕೊಂಡು ಹೋದರು. ಎರಡನೆಯದು ಸಂತೆಮಾಳಕ್ಕೆ. ಅದರಲ್ಲಿ ಒಂದು ಮಗ್ಗುಲು ಮಾತ್ರ ಕಪ್ಪಾಗಿತ್ತು. ಅಷ್ಟನ್ನು ತೆಗೆದು ಎಸೆದು ಮಿಕ್ಕದ್ದನ್ನು ಅಳೆದುಕೊಂಡರು. ನಮ್ಮ ಎರಡೂ ಊರಿನವರು ಬುಟ್ಟಿ, ಚೀಲ ಹಿಡಿದು ಇಳಿಜಾರಿನ ಕಡೆಯ ಮೂರನೆಯದರ ಸುತ್ತ ನಿಂತಿದ್ದೆವು.

ಚಪ್ಪಡಿ ಸರಿಸಿದಾಗ ಬಂದ ವಾಸನೆಯನ್ನೇ ನಾನು ಹೋದ ವಾರ ಮತ್ತೆ ಮೂಸಿದ್ದು.

ಹಗ್ಗ ಕಟ್ಟಿ ದೀಪ ಇಳಿಬಿಟ್ಟರು. ಬಾಯಿ ದಾಟುತ್ತಿದ್ದ ಹಾಗೇ ಆರಿಹೋಯಿತು. ಒಳಗೆ ಕೆಟ್ಟ ಗಾಳಿ. ಇಳಿದರೆ ಮನುಷ್ಯ ಉಳಿಯುವುದಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು ಮಾರನೆಯ ದಿನ ಇಳಿದವನು ಬುಟ್ಟಿ ಮೇಲಕ್ಕೆ ಕಳಿಸಿದ. ರಾಗಿ ಅಲ್ಲ ಅದು. ಕರಿ ಕೆಸರು. ನಡುನಡುವೆ ಬಿಳಿ ಬೂಷ್ಟು. ತಳದ ತನಕ ಅದೇ.

ಯಾರೂ ಜಗಳ ಮಾಡಲಿಲ್ಲ. ಮಾಡಲು ಕಸುವು ಬೇಕಲ್ಲ. ರಾಜಶೇಖರಪ್ಪ ಕರವಸ್ತ್ರ ಮೂಗಿಗೆ ಹಿಡಿದು, "ಛೆ, ಹಿಂಗಾಗ್ಬಾರ್ದಾಗಿತ್ತು" ಎಂದರು. ಮನಸಾರೆಯೇ ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅದಕ್ಕೇನು ಮಾಡೋಣ ಹೇಳಿ?

ಕೆಂಚಮ್ಮ ಆ ಕೆಸರನ್ನು ಬುಟ್ಟಿಗೆ ತುಂಬಿಕೊಂಡಳು. ಅವಳನ್ನು ನೋಡಿ ಮಿಕ್ಕವರೂ ತುಂಬಿಕೊಂಡರು. ಹಳ್ಳದಲ್ಲಿ ತೊಳೆದು ತೊಳೆದು, ಬಂಡೆಯ ಮೇಲೆ ಹರಡಿ ಒಣಗಿಸಿ, ಬೀಸಿ, ಅಂಬಲಿ ಕಾಯಿಸಿ ಕುಡಿದರು. ನಾನೂ ಕುಡಿದೆ. ಕಹಿ. ಮೂರು ದಿನಕ್ಕೆ ಊರಿಗೆಲ್ಲ ವಾಂತಿಭೇದಿ ಹತ್ತಿತು. ಕೆಂಚಮ್ಮನ ಚಿಕ್ಕ ಮಗು ಉಳಿಯಲಿಲ್ಲ. ನಮ್ಮ ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಿತ್ತಲ್ಲ, ಅದು.

ಇದಾದ ವಾರಕ್ಕೆ ರಾಜಶೇಖರಪ್ಪ ಹಿರೇಕಟ್ಟೆಯ ನಾಲ್ಕು ಜನರೊಂದಿಗೆ ನಮ್ಮ ಮನೆ ಬಾಗಿಲಿಗೆ ಬಂದರು. ಮಾವ ಎಂದಿನ ಹಾಗೆ ಎದ್ದು ನಿಂತರು.

"ಸಿದ್ದಪ್ಪನೋರೇ, ನಮ್ಮೂರೋರೆಲ್ಲ ಮಾತಾಡ್ಕೊಂಡ್ವಿ" ಎಂದರು ಅವರು. "ನೀವು ಅವತ್ತು ಹೇಳಿದ್ದು ಸರಿ. ಎಲ್ಲಾ ಊರಿಗೂ ಯಜಮಾನಿಕೆ ಬರ್ಬೇಕು. ಇನ್ಮೇಲೆ ನೀವೇ ಆಗಿ." ಬೀಗದ ಕೈ ಜಗಲಿಯ ಮೇಲೆ ಇಟ್ಟರು.

ನಾನು ಒಳಗಿಂದ ನೋಡುತ್ತಿದ್ದೆ. ಬೇಡ ಅನ್ನಲಿ ದೇವರೇ, ಈಗಲಾದರೂ ಇವರು ಬೇಡ ಅನ್ನಲಿ ಅಂದುಕೊಂಡೆ. ಮೂರು ಖಾಲಿ ಗುಳಿಯ ಯಜಮಾನಿಕೆ. ತುಂಬಿದ್ದಾಗ ಕೈಗೆ ಬರಲಿಲ್ಲ, ಉತ್ತರ ಹೇಳಬೇಕಾದ ಕಾಲಕ್ಕೆ ಮನೆ ಹುಡುಕಿಕೊಂಡು ಬಂತು. ಮಾವ ತೆಗೆದುಕೊಂಡರು. ಒಂದೇ ಸಲಕ್ಕೆ ಕೈ ಚಾಚಿ ತೆಗೆದುಕೊಂಡರು. ಅವರಿಗೆ ಇನ್ನೂ ಒಂದು ಆಸೆ ಇತ್ತು. ಯಜಮಾನ ಎಂದಾದರೆ ಹಿರೇಕಟ್ಟೆಯ ಮನೆಗಳಿಂದ ಬೀಜದ ಮಟ್ಟಿಗಾದರೂ ವಾಪಸು ತರಿಸಬಹುದು, ಅಮಲ್ದಾರರ ಮುಂದೆ ನಿಂತು ಕೇಳಬಹುದು ಎಂದು. ಬೀದಿಯಲ್ಲಿ ನಿಂತು, ಬಿತ್ತನೆ ರಾಗಿ ನಾನು ತರುತ್ತೇನೆ ಎಂದು ಊರಿಗೆಲ್ಲ ಹೇಳಿದರು.

ಹಿರೇಕಟ್ಟೆಯಲ್ಲಿ ಮನೆ ಮನೆ ತಿರುಗಿದರು. ಎಲ್ಲರೂ ಕೂರಿಸಿ ಮಜ್ಜಿಗೆ ಕೊಟ್ಟರು. ರಾಗಿ ಮುಗೀತು ಅಂದರು, ಮಾರಿಬಿಟ್ವಿ ಅಂದರು, ಮಗಳ ಮನೆಗೆ ಕಳಿಸಿದ್ವಿ ಅಂದರು. ಹೊಳೆನರಸೀಪುರದ ಕಚೇರಿಯಲ್ಲಿ ಜವಾನನನ್ನು ದಾಟಿ ಒಳಗೆ ಹೋಗಲು ಆಗಲಿಲ್ಲ. ಹದ ದಿನದಿಂದ ದಿನಕ್ಕೆ ಆರುತ್ತಿತ್ತು. ಬೆಳಗಾದರೆ ಬಾಗಿಲಲ್ಲಿ ಜನ. ಯಾವಾಗ ಕೊಡ್ತೀರಿ ಯಜಮಾನ್ರೇ, ನಾಳೇನಾ ಯಜಮಾನ್ರೇ. ಮೊದಮೊದಲು ಮಾವ ಹೊರಗೆ ಹೋಗಿ ಉತ್ತರ ಹೇಳುತ್ತಿದ್ದರು. ಆಮೇಲೆ ಕಿಟಕಿಯಿಂದ ಹೇಳತೊಡಗಿದರು.

ಒಂದು ಬೆಳಿಗ್ಗೆ ಬಾಗಿಲು ತಟ್ಟಿದ್ದು ಕೆಂಚಮ್ಮ. ನಾನು ತೆಗೆಯಲು ಹೊರಟಾಗ ಮಾವ ನಡುಮನೆಯ ಮೂಲೆಗೆ ಸರಿದು ಗೋಡೆಗೆ ಅಂಟಿ ನಿಂತು, ಕೈಯಾಡಿಸಿ, ಪಿಸುದನಿಯಲ್ಲಿ ಹೇಳಿದರು: "ಇಲ್ಲ ಅನ್ನವ್ವ. ನಾನು ಮನೇಲಿಲ್ಲ ಅನ್ನು."

ಬಾಗಿಲು ತೆಗೆದೆ. ಕೆಂಚಮ್ಮನ ಕೈಯಲ್ಲಿ ಖಾಲಿ ಬುಟ್ಟಿ. ಹಿಂದೆ ಅವಳ ದೊಡ್ಡ ಮಗಳು.

"ಯಜಮಾನ್ರು ಅವ್ರಾ?"

"ಇಲ್ಲ ಕೆಂಚಮ್ಮ."

"ಎಲ್ಲಿಗೋದ್ರು?"

"ಹಾಸನಕ್ಕೆ" ಎಂದೆ. ಬಾಯಿಗೆ ಬಂದದ್ದು ಅದೇ ಊರು.

ಕೆಂಚಮ್ಮ ನನ್ನನ್ನೂ ನೋಡಿದಳು, ನನ್ನ ಹೆಗಲ ಮೇಲಿಂದ ಒಳಗಿನ ಕತ್ತಲನ್ನೂ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಯಜಮಾನ್ರಾದೋರೆಲ್ಲ ಹಾಸನಕ್ಕೇ ಓಯ್ತಾರೆ ಕಣವ್ವ" ಎಂದಳು. ಬುಟ್ಟಿಯನ್ನು ಜಗಲಿಯ ಮೇಲೆ ಬೋರಲು ಹಾಕಿ, ಮಗಳನ್ನು ಮಗ್ಗುಲಿಗೆ ಎಳೆದುಕೊಂಡು ಕುಳಿತಳು. "ಬರಗಂಟ ಇಲ್ಲೇ ಕುಂತಿರ್ತೀವಿ. ನಮ್ಗೇನ್ ಕೆಲ್ಸ ಅದೆ?"

ಒಳಗೆ ಮಾವನಿಗೆ ಕೆಮ್ಮು ಬಂತು. ಹೆಗಲ ಮೇಲಿನ ವಲ್ಲಿ ತೆಗೆದು ಬಾಯಿಗೆ ತುರುಕಿಕೊಂಡರು.